ಬೆವರುಸಾಲೆ

ಬೇಸಗೆಯ ರಜೆಗೂ ಬೆವರುಸಾಲೆಗೂ ಇರುವ ನಂಟು ಬಹು ಹಳೆಯದು. ಪರೀಕ್ಷೆ ಮುಗಿದು ಮಕ್ಕಳ ಪುಸ್ತಕಗಳು ಅಟ್ಟವನ್ನು ಸೇರಿದುವೆಂದರೆ ಘಟ್ಟದ ಮೇಲಿನ ಊರುಗಳಿಂದ ಘಟ್ಟದ ಕೆಳಗಿನ ಊರುಗಳಿಗೆ ಒಂದು ವಲಸೆ ಪ್ರಾರಂಭವಾಗುತ್ತದೆ. ಉದ್ಯೋಗಕ್ಕಾಗಿ ಮೈಸೂರು ಬೆಂಗಳೂರುಗಳಲ್ಲಿ ನೆಲೆಸಿದ ಕರಾವಳಿಯವರಿಗೆ ಏಪ್ರಿಲ್ ಮೇ ತಿಂಗಳುಗಳೆಂದರೆ ಮಾವು, ಹಲಸು, ಮದುವೆ, ಮುಂಜಿ, ಸಮುದ್ರಸ್ನಾನ. ಈ ಸುಖಗಳ ಪಟ್ಟಿಯಲ್ಲಿ ಯಾರೂ ಬರೆಯದೆ ಬಿಡುವ ಕೊನೆಯ ಹೆಸರು ಬೆವರುಸಾಲೆಯದು. ಊರು ಸೇರಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಮಗುವಿನ ಕತ್ತು, ಬೆನ್ನು, ಎದೆ, ಚಡ್ಡಿಯ ಪಟ್ಟಿ ಬಿಗಿಯುವ ಸೊಂಟ, ಮೊಣಕೈಯ ಮಡಿಕೆ, ಈ ಎಡೆಗಳಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಏಳುತ್ತವೆ. ಮೊದಲು ತುರಿಕೆ, ತುರಿಕೆಯ ಹಿಂದೆ ಅಳು, ಅಳುವಿನ ಹಿಂದೆ ಹಿರಿಯರ ಸಭೆ.

ಈ ಸಭೆಯ ಕಲಾಪಗಳನ್ನು ಓದುಗರಲ್ಲಿ ಅನೇಕರು ಬಲ್ಲರು. ಮಾವಿನ ಹಣ್ಣೇ ಕಾರಣವೆಂದು ಒಬ್ಬರು ಹೇಳುತ್ತಾರೆ. ನೀರು ಬದಲಾದುದರಿಂದ ಎಂದು ಇನ್ನೊಬ್ಬರು. ನಿನ್ನೆ ಬಡಿಸಿದ ಬದನೆಕಾಯಿ ನಂಜು ಎಂದು ಮೂರನೆಯವರು. ಮೂಲೆಯಲ್ಲಿ ಕುಳಿತ ವೃದ್ಧರೊಬ್ಬರು ದೃಷ್ಟಿಯಾಗಿದೆ ಎನ್ನುತ್ತಾರೆ. ಒಳಗಿನಿಂದ ಉಪ್ಪು ಮೆಣಸು ಬರುತ್ತದೆ. ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಕೊನೆಗೆ ಒಂದು ಮಾತಿನಲ್ಲಿ ಸರ್ವರಿಗೂ ಸಮ್ಮತಿ: “ಮೈಯೊಳಗಿನ ಉಷ್ಣ ಹೊರಗೆ ಬರುತ್ತಿದೆ, ಬರಲಿ ಬಿಡಿ, ತಡೆಯಬಾರದು.” ಈ ವಾರ ನಾನು ಜಗಳಕ್ಕೆ ನಿಂತಿರುವುದು ಈ ವಾಕ್ಯದೊಡನೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ಆದರೆ ತಪ್ಪು ವಾಕ್ಯವನ್ನು ಕಂಡರೆ ತಿದ್ದಬೇಕೆನ್ನಿಸುವುದು ನಮ್ಮ ವೃತ್ತಿಯ ಚಪಲ.

ಹೊರಗೆ ಬರುತ್ತಿರುವುದು ಉಷ್ಣವಲ್ಲ. ಹೊರಗೆ ಬರಬೇಕಾದ ಬೆವರು ಬರಲಾರದೆ ಒಳಗೇ ಸಿಕ್ಕಿಕೊಂಡಿದೆ. ಮನುಷ್ಯನ ಚರ್ಮದಲ್ಲಿ ಸುಮಾರು ೨೦ರಿಂದ ೪೦ ಲಕ್ಷ ಬೆವರಿನ ಗ್ರಂಥಿಗಳಿವೆ. ಪ್ರತಿಯೊಂದರಿಂದಲೂ ಒಂದು ಸೂಕ್ಷ್ಮವಾದ ನಾಳ ಮೇಲಕ್ಕೆ ಬಂದು ಚರ್ಮದ ಹೊರಪದರದಲ್ಲಿ ಬಾಯಿ ತೆರೆಯುತ್ತದೆ. ಮೈ ಬಹಳ ಹೊತ್ತು ಒದ್ದೆಯಾಗಿಯೇ ಉಳಿದರೆ, ಮಳೆಗಾಲದಲ್ಲಿ ಬಾಗಿಲಿನ ಮರ ನೀರು ಕುಡಿದು ಚೌಕಟ್ಟಿನಲ್ಲಿ ಬಿಗಿದುಕೊಳ್ಳುವಂತೆ, ಈ ಹೊರಪದರವೂ ಉಬ್ಬಿ ನಾಳದ ಬಾಯನ್ನು ಮುಚ್ಚುತ್ತದೆ. ಚರ್ಮದ ಮೇಲೆ ಸದಾ ವಾಸಿಸುವ ಸೂಕ್ಷ್ಮಜೀವಿಗಳಲ್ಲಿ ಕೆಲವು ಸ್ರವಿಸುವ ಅಂಟೂ ಈ ಕೆಲಸಕ್ಕೆ ನೆರವಾಗುತ್ತದೆ. ಒಳಗಿನಿಂದ ಬೆವರು ಬರುತ್ತಲೇ ಇರುತ್ತದೆ. ದಾರಿ ಕಾಣದೆ ಅದು ಪಕ್ಕದ ಚರ್ಮದೊಳಕ್ಕೆ ಜಿನುಗುತ್ತದೆ. ಅಲ್ಲಿ ಉರಿಯೂತವೆದ್ದು ಸೂಜಿ ಚುಚ್ಚಿದಂತಾಗುತ್ತದೆ. ತಡೆ ತೀರ ಮೇಲಿದ್ದರೆ ಇಬ್ಬನಿಯ ಹನಿಯಂಥ ತಿಳಿಗುಳ್ಳೆಗಳು ಏಳುತ್ತವೆ. ಅವು ತುರಿಸುವುದಿಲ್ಲ, ಎಳೆಗೂಸುಗಳಲ್ಲಿ ಅನೇಕ ವೇಳೆ ಕಾಣುವುದು ಅವೇ. ತಡೆ ಸ್ವಲ್ಪ ಕೆಳಗಿದ್ದರೆ ನಾವು ಹೇಳುತ್ತಿರುವ ತುರಿಕೆಯ ಸಾಲೆ.

ಮಗುವಿಗೇ ಇದು ಹೆಚ್ಚಾಗಿ ಬರುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಬೆವರಿನ ಗ್ರಂಥಿಗಳು ನಾವು ಬೆಳೆದಂತೆ ಬೆಳೆಯುವ ಆಸ್ತಿಯಲ್ಲ. ಹುಟ್ಟುವಾಗಲೇ ಅಷ್ಟನ್ನೂ ಹೊತ್ತುಕೊಂಡು ಬಂದಿರುತ್ತೇವೆ. ದೊಡ್ಡವರ ಮೈಯಲ್ಲಿ ವಿಸ್ತಾರವಾಗಿ ಹರಡಿಕೊಂಡಿರುವ ಅಷ್ಟು ಗ್ರಂಥಿಗಳೂ ಮಗುವಿನ ಗೇಣಗಲದ ಬೆನ್ನು, ಎದೆಗಳಲ್ಲಿ ಒತ್ತಾಗಿ ತುಂಬಿರುತ್ತವೆ.

ಇನ್ನು ಊರಿನ ಗುಣ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು ೨,೫೦೦ ಅಡಿ ಎತ್ತರದಲ್ಲಿದೆ. ಅಲ್ಲಿಯ ಬಿಸಿಲೂ ಸುಡುತ್ತದೆ, ಆದರೆ ಬೆವರು ಆರುತ್ತದೆ. ಮೈಯನ್ನು ತಣಿಸುವುದು ಬೆವರಲ್ಲ, ಬೆವರು ಆರುವುದು. ಕರಾವಳಿಯಲ್ಲಿ ಮಳೆಗೆ ಮುಂಚಿನ ಮೇ ತಿಂಗಳ ಗಾಳಿ ಆಗಲೇ ನೀರಿನಿಂದ ತುಂಬಿರುವುದರಿಂದ ನಮ್ಮ ಬೆವರನ್ನು ಕೊಂಡೊಯ್ಯಲು ಅದರಲ್ಲಿ ಎಡೆಯಿರುವುದಿಲ್ಲ. ಹಗ್ಗದ ಮೇಲೆ ಬಟ್ಟೆ ಆರಲೊಲ್ಲದ ಊರಿನಲ್ಲಿ ಬೆನ್ನು ಹೇಗೆ ಆರೀತು? ಹುಟ್ಟಿದಂದಿನಿಂದ ಅಲ್ಲಿಯೇ ಬೆಳೆದ ಮಕ್ಕಳಿಗೂ ಸಾಲೆ ಬಾರದೆ ಇರುವುದಿಲ್ಲ. ಆದರೆ ಹೊಸದಾಗಿ ಇಳಿದುಬಂದವರ ಮೈ ಆ ಹವೆಗೆ ಹೊಂದಿಕೊಳ್ಳಲು ಒಂದೆರಡು ವಾರಗಳಾದರೂ ಬೇಕು. ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಭಾರತಕ್ಕೆ ಬಂದ ಆಂಗ್ಲರನ್ನೂ ಈ ಸಾಲೆ ಬಿಡಲಿಲ್ಲ. ನೌಕಾಪಡೆಯ ವೈದ್ಯನಾಗಿದ್ದ ಜೇಮ್ಸ್ ಜಾನ್‌ಸನ್ ಎಂಬಾತ ಉಷ್ಣವಲಯದ ಹವೆಯು ಐರೋಪ್ಯರ ಮೇಲೆ ಮಾಡುವ ಪರಿಣಾಮವನ್ನು ಕುರಿತು ೧೮೧೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಬಾಧೆಯನ್ನು ಬಣ್ಣಿಸಿದ್ದಾನೆ. ಸಾಮ್ರಾಜ್ಯವನ್ನು ಕಟ್ಟಿದವರೂ ಬೆನ್ನು ಕೆರೆದುಕೊಂಡರೆಂಬುದು ನನಗೇನೋ ಸ್ವಲ್ಪ ಸಮಾಧಾನದ ಸಂಗತಿ.

ಕಳೆದ ಮೇ ತಿಂಗಳಿನಲ್ಲಿ ನಾವು ಕುಂದಾಪುರದ ಸಮೀಪದಲ್ಲಿರುವ ನನ್ನ ಅತ್ತೆಯವರ ಮನೆಯಲ್ಲಿದ್ದೆವು. ಮನೆಯಲ್ಲೊಂದು ಮದುವೆ. ಐದು ವರ್ಷದ ನನ್ನ ಮಗಳು ಎರಡು ದಿನ ಜರಿಯಂಚಿನ ಲಂಗದಲ್ಲಿ ಮೆರೆದು ಮೂರನೆಯ ರಾತ್ರಿ ಎದ್ದು ಕುಳಿತು, “ಅಪ್ಪಾ, ನನ್ನ ಬೆನ್ನಿನ ಮೇಲೆ ಇರುವೆಗಳು ಓಡಾಡ್ತಾ ಇವೆ” ಎಂದು ಅತ್ತಳು. ದೀಪ ಹಾಕಿ ನೋಡಿದರೆ ಒಂದು ಇರುವೆಯೂ ಇಲ್ಲ. ಬೆರಳಾಡಿಸಿದರೆ ಬೆನ್ನೆಲ್ಲ ಮರಳು ಚೆಲ್ಲಿದಂತಿತ್ತು. ಬೆಳಗಾಗುವ ಹೊತ್ತಿಗೆ ಮನೆಯಲ್ಲಿ ಉಳಿದಿದ್ದ ನೆಂಟರೆಲ್ಲ ಸಭೆ ಸೇರಿದರು. ಹೆಂಡತಿಯ ದೊಡ್ಡಮ್ಮನವರು, ಎಂಬತ್ತು ದಾಟಿದವರು, ಮಗುವಿನ ಅಂಗಿಯನ್ನೆತ್ತಿ ನೋಡಿ ಕೈಮುಗಿದರು. “ಅಮ್ಮ ಬಂದಿದ್ದಾಳೆ. ಸ್ನಾನ ಮಾಡಿಸಬೇಡಿ. ಬಾಗಿಲು ಹಾಕಿ ಮಲಗಿಸಿ” ಎಂದರು.

ನಗಬೇಕಾದ ಮಾತಲ್ಲ ಇದು. ಆ ವೃದ್ಧೆಯ ಬಾಲ್ಯದಲ್ಲಿ ಮಗುವಿನ ಮೈಮೇಲೆ ಗುಳ್ಳೆ ಎದ್ದಿತೆಂದರೆ ಅದು ಸಿಡುಬಾಗಿರಬಹುದಿತ್ತು. ಸಿಡುಬೆಂದರೆ ಸಾವು, ಇಲ್ಲವೆ ಕುರುಡು, ಇಲ್ಲವೆ ಜೀವಮಾನದ ಕಲೆ. ಆ ಭಯಕ್ಕೆ ಆಧಾರವಿತ್ತು. ಈಗ ಅದಿಲ್ಲ. ೧೯೭೫ರ ಮೇ ತಿಂಗಳ ಅನಂತರ ಭಾರತದಲ್ಲಿ ಒಬ್ಬರಿಗೂ ಸಿಡುಬು ಬಂದಿಲ್ಲ. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭೂಮಂಡಲದಿಂದಲೇ ಅದು ನಿರ್ಮೂಲವಾಯಿತೆಂದು ಘೋಷಿಸಿತು. ರೋಗ ಹೋದರೂ ಅದರ ಸುತ್ತ ಬೆಳೆದ ಆಚಾರಗಳು ಮಾತ್ರ ಮನೆಯಲ್ಲಿ ಉಳಿದುಬಿಟ್ಟಿವೆ. ಸ್ನಾನ ಬೇಡ, ಗಾಳಿ ಬೇಡ, ಹೊದಿಸಿ ಮಲಗಿಸಿ: ಬೆವರುಸಾಲೆಯನ್ನು ಬೆಳೆಸಬೇಕೆಂದು ಸಂಕಲ್ಪಿಸಿದವರಿಗೂ ಇದಕ್ಕಿಂತ ಉತ್ತಮವಾದ ಕ್ರಮ ಹೊಳೆಯಲಾರದು.

ಪೇಟೆಯಲ್ಲಿ ಒಬ್ಬ ಮಕ್ಕಳ ವೈದ್ಯೆಯ ಬಳಿಗೆ ಮಗುವನ್ನು ಕರೆದೊಯ್ದೆವು. ಅತ್ತೆಯವರೂ ಬಂದರು, ಸಾಕ್ಷಿಗೆ. ಆಕೆ ಮೊದಲು ನೋಡಿದುದು ಅಂಗೈ, ಅಂಗಾಲು. ಅಲ್ಲಿ ಗುಳ್ಳೆಯಿರಲಿಲ್ಲ, ಬೆವರುಸಾಲೆ ಅಂಗೈ ಅಂಗಾಲುಗಳಲ್ಲಿ ಏಳುವುದಿಲ್ಲವಂತೆ. ಆಮೇಲೆ ಬಾಯೊಳಗೆ, ಕಿವಿಯ ಹಿಂದೆ, ಬೆರಳ ಸಂದುಗಳಲ್ಲಿ ನೋಡಿದರು. ಜ್ವರ ಬಂದಿತ್ತೆ, ಕೆಮ್ಮಿತ್ತೆ, ಮನೆಯಲ್ಲಿ ಇನ್ನಾರಿಗಾದರೂ ತುರಿಕೆಯಿದೆಯೆ ಎಂದು ಕೇಳಿದರು. ಕೊನೆಗೆ ಬೆನ್ನಿನ ಮೇಲೆ ಕೈಯಾಡಿಸಿದರು. ಪುಸ್ತಕಗಳಲ್ಲಿ ‘ಕೆಂಪು ಗುಳ್ಳೆ’ ಎಂದು ಬರೆದಿರುತ್ತದೆ. ಬಿಳಿಯ ಚರ್ಮವನ್ನು ಮುಂದಿಟ್ಟುಕೊಂಡು ಬರೆದದ್ದು ಅದು. ನಮ್ಮ ಗೋಧಿಬಣ್ಣದ, ಎಣ್ಣೆಗಪ್ಪಿನ ಮಕ್ಕಳಲ್ಲಿ ಕೆಂಪು ಕಾಣದೆಯೂ ಇರಬಹುದು, ಮೈಬಣ್ಣಕ್ಕಿಂತ ತುಸು ಕಪ್ಪಾಗಿ ಕಂಡೀತು. ಕಣ್ಣು ಸುಳ್ಳು ಹೇಳಿದರೂ ಬೆರಳು ಹೇಳಲಾರದು.

“ಬೆವರುಸಾಲೆ, ಅಮ್ಮಾ” ಎಂದರು ಅತ್ತೆಯವರಿಗೆ. “ಮೈ ತಣ್ಣಗಿರಲಿ, ಒಣಗಿರಲಿ. ಎಣ್ಣೆ ಹಚ್ಚಬೇಡಿ.”

ಈ ಕೊನೆಯ ಮಾತು ಅತ್ತೆಯವರಿಗೆ ಹಿಡಿಸಲಿಲ್ಲ. ಕರಾವಳಿಯಲ್ಲಿ ತೆಂಗಿನೆಣ್ಣೆ ಬೇಡವೆನ್ನುವುದು ಸಮುದ್ರ ಬೇಡವೆಂದಂತೆ. “ನಮ್ಮ ಮನೆಯ ಗಾಣದ ಎಣ್ಣೆ, ತಂಪು” ಎಂದು ವಾದಿಸಿದರು. ವೈದ್ಯೆ ಕೋಪಿಸಿಕೊಳ್ಳದೆ ಒಂದು ಪ್ರಶ್ನೆ ಕೇಳಿದರು: “ಉಪ್ಪಿನಕಾಯಿ ಭರಣಿಯ ಬಾಯಿಗೆ ಎಣ್ಣೆಯಲ್ಲದ್ದಿದ ಬಟ್ಟೆ ಯಾಕೆ ಇಡ್ತೀರಿ?” “ಗಾಳಿ ತಾಗಬಾರದು ಅಂತ.” “ಮಗುವಿನ ಬೆನ್ನಿಗೆ ಗಾಳಿ ತಾಗಬೇಕಲ್ಲ, ಅಮ್ಮಾ.” ಅತ್ತೆಯವರು ಮನೆ ತಲಪುವವರೆಗೆ ಮಾತನಾಡಲಿಲ್ಲ, ಆದರೆ ಎಣ್ಣೆಯ ಬಟ್ಟಲನ್ನು ಅಂದೇ ಒಳಗಿಟ್ಟರು. ಅನಂತರ ದಿನಕ್ಕೆ ಮೂರು ಸಲ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿಸುವ ಹೊಣೆಯನ್ನು ಅವರೇ ವಹಿಸಿಕೊಂಡರು. ಬಾವಿಯ ತಣ್ಣೀರು, ಬೆವರು ಕೂಡುವ ಕಡೆಗೆ ಮಾತ್ರ ಒಂದಿಷ್ಟು ಸೌಮ್ಯವಾದ ಸಾಬೂನು, ಉಜ್ಜದೆ ಒತ್ತಿ ಒರೆಸುವುದು, ಅನಂತರ ಒಂದರ್ಧ ಗಂಟೆ ಬರಿಯ ಚಡ್ಡಿಯಲ್ಲಿ ಜಗಲಿಯ ನೆರಳಿನಲ್ಲಿ ಆಟ. ಬೀಸಣಿಗೆ ಮಗುವಿನ ಅಜ್ಜನವರ ಕೈಯಲ್ಲಿ. ಮೂರನೆಯ ದಿನಕ್ಕೆ ಗುಳ್ಳೆಗಳು ಇಳಿದುವು.

ಇಲ್ಲಿ ಅಜ್ಜಿಯರ ಪರವಾಗಿ ಒಂದು ಮಾತು ಹೇಳಬೇಕು. ‘ಉಷ್ಣ’ ಎಂಬ ಅವರ ನಿದಾನ ತಪ್ಪಿದರೂ ‘ತಂಪು ಮಾಡು’ ಎಂಬ ಅವರ ಚಿಕಿತ್ಸೆ ಬಹುಮಟ್ಟಿಗೆ ಸರಿ. ಎಳನೀರು, ನೀರುಮಜ್ಜಿಗೆ, ಪುನರ್ಪುಳಿಯ ಪಾನಕ, ಇವು ಸಾಲೆಯನ್ನು ಕರಗಿಸದಿದ್ದರೂ ಬೆವರಿ ಸೊರಗಿದ ಮಗುವಿಗೆ ಅವಶ್ಯಕವಾದ ನೀರನ್ನು ಕೊಡುತ್ತವೆ. ತಾಟಿನುಂಗಿನ ತಿರುಳನ್ನು ಮೈಗೆ ಸವರುವುದುಂಟು; ತಣ್ಣಗಿರುವಷ್ಟು ಹೊತ್ತು ಹಿತ, ಆಮೇಲೆ ತೊಳೆದುಬಿಟ್ಟರೆ ಆಯಿತು. ಶ್ರೀಗಂಧದ ಲೇಪಕ್ಕೂ ಇದೇ ನಿಯಮ. ಲೇಪ ಒದ್ದೆಯಿರುವಾಗ ತಂಪು. ಒಣಗಿ ಹೆಕ್ಕಳೆಗಟ್ಟಿದ ಮೇಲೆ ಅದೂ ಒಂದು ಮುಚ್ಚಳ. ಇವೆಲ್ಲಕ್ಕಿಂತ ಸುಲಭವಾದುದು ತಣ್ಣೀರಿನಲ್ಲಿ ಹಿಂಡಿದ ಹಳೆಯ ಪಂಚೆಯ ತುಂಡು. ಹತ್ತು ಹದಿನೈದು ನಿಮಿಷ ಅದನ್ನು ಮೈಮೇಲೆ ಇರಿಸಿ ತೆಗೆದು ಗಾಳಿಗೆ ಆರಲು ಬಿಟ್ಟರೆ ತುರಿಕೆ ತಗ್ಗುತ್ತದೆ. ಔಷಧವೇ ಬೇಕೆಂದರೆ ಕ್ಯಾಲಮೈನ್ ಲೋಷನ್ ಇದೆ: ಸತುವಿನ ಭಸ್ಮದಂಥ ಪುಡಿಗೆ ಒಂದಿಷ್ಟು ಕಬ್ಬಿಣದ ಅಂಶ ಸೇರಿ ನಸುಗೆಂಪಾದ ದ್ರವ. ತೆಳ್ಳಗೆ ಸವರಬೇಕು, ಸುಣ್ಣ ಬಳಿದಂತಲ್ಲ.

ಪುಡಿಗಳ ವಿಷಯದಲ್ಲಿ ನನಗೆ ಅಷ್ಟು ಉದಾರಬುದ್ಧಿಯಿಲ್ಲ. ಮಗುವನ್ನು ಮೈದಾಹಿಟ್ಟಿನಲ್ಲಿ ಹೊರಳಿಸಿದ ಕಡುಬಿನಂತೆ ಮಾಡಿ ಹೊರಗೆ ಕಳುಹಿಸುವುದು ಎಷ್ಟೋ ಮನೆಗಳಲ್ಲಿ ಶುಚಿತ್ವದ ಲಕ್ಷಣವೆನ್ನಿಸಿಕೊಂಡಿದೆ. ಕತ್ತಿನ ಮಡಿಕೆಯಲ್ಲಿ ಪುಡಿಯೂ ಬೆವರೂ ಕೂಡಿ ಅಂಟಾಗುತ್ತದೆ. ಮೇಲೆದ್ದ ಧೂಳು ಎಳೆಗೂಸಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿಯ ಡಬ್ಬಿಯಿಂದಲೇ ಮಗುವಿನ ಮೈಗೂ ಉದುರಿಸುವವರನ್ನು ನಾನು ಕಂಡಿದ್ದೇನೆ. ಕೆರೆದು ಒಡೆದ ಚರ್ಮದ ಮೂಲಕ ಅದು ರಕ್ತವನ್ನು ಸೇರಿದರೆ ಸಣ್ಣ ಮಕ್ಕಳಿಗೆ ವಿಷ. ಆ ಡಬ್ಬಿ ಕೇರಂ ಹಲಗೆಯ ಬಳಿಯಲ್ಲಿಯೇ, ಅದೂ ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇರಲಿ.

ಇದಕ್ಕಿಂತಲೂ ಅಪಾಯಕಾರಿಯಾದುದು ‘ಯಾವ ತುರಿಕೆಗೂ ಇದೇ’ ಎಂದು ಅಂಗಡಿಯವರು ಕೊಡುವ ಮುಲಾಮು. ಇವುಗಳಲ್ಲಿ ಅನೇಕದರಲ್ಲಿ ಪ್ರಬಲವಾದ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ರಾತ್ರಿ ತುರಿಕೆ ಮಾಯವಾಗುವುದರಿಂದ ಮನೆಮಂದಿಗೆಲ್ಲ ಅದರ ಮೇಲೆ ಭಕ್ತಿ ಹುಟ್ಟುತ್ತದೆ. ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗೆ ಬೇರೆ ಸೋಂಕಿದ್ದರೆ ಮುಸುಕಿನಲ್ಲಿ ಬೆಳೆಯುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮುಗಳನ್ನು ಮಾರಬಾರದೆಂದು ೨೦೧೮ರಲ್ಲಿ ಕೇಂದ್ರ ಸರಕಾರ ನಿಯಮವನ್ನು ಬಿಗಿಗೊಳಿಸಿತು. ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದವರಿಗೆ ಆ ನಿಯಮದ ಯೋಗ್ಯತೆ ಗೊತ್ತು.

ಮೈಮೇಲೆ ಎದ್ದುದೆಲ್ಲ ಬೆವರುಸಾಲೆಯೇ ಎಂದು ನಿಶ್ಚಿಂತರಾಗುವುದೂ ಸಲ್ಲದು. ಅಜ್ಜಿಯ ಮನೆಯ ಹಿತ್ತಿಲು ತುರಿಕೆಗಳ ಒಂದು ವಿಶ್ವಕೋಶ. ಕಂಬಳಿಹುಳುವಿದೆ, ತುರಚೆಯ ಗಿಡವಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಕ್ಕಳು ಗೇರುಬೀಜ ಹೆಕ್ಕುತ್ತಾರೆ. ಹಸಿಬೀಜದ ಸಿಪ್ಪೆಯ ಎಣ್ಣೆ ತಾಗಿದಲ್ಲಿ ಸುಟ್ಟಂತೆ ಬೊಬ್ಬೆ ಏಳುತ್ತದೆ. ಗೇರೂ ಮಾವೂ ಒಂದೇ ಕುಲದ ಮರಗಳು. ಮಾವಿನಕಾಯಿಯ ತೊಟ್ಟಿನ ಸೊನೆ ತಾಗಿ ತುಟಿಯ ಸುತ್ತ ಒಂದೆರಡು ದಿನದ ಮೇಲೆ ಗುಳ್ಳೆ ಬರುವುದುಂಟು. ಆದುದರಿಂದ ಸಭೆಯಲ್ಲಿ ಮಾವಿನ ಮೇಲೆ ದೋಷ ಹೊರಿಸಿದವರು ತೀರ ತಪ್ಪಿಲ್ಲ. ತಪ್ಪಿದ್ದು ಹಣ್ಣಿನ ‘ಉಷ್ಣ’ದಲ್ಲಿ, ಸೊನೆಯಲ್ಲಲ್ಲ. ರಾತ್ರಿ ತುರಿಕೆ ಹೆಚ್ಚಾಗಿ, ಬೆರಳ ಸಂದಿನಲ್ಲಿ ಗುಳ್ಳೆಗಳಿದ್ದು, ಮನೆಯಲ್ಲಿ ಇನ್ನಿಬ್ಬರು ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ. ಮನೆಮಂದಿಗೆಲ್ಲ ಒಟ್ಟಿಗೆ ಔಷಧವಾಗಬೇಕು.

ಜ್ವರವಿದ್ದರೆ ಲೆಕ್ಕ ಬೇರೆ. ಬೆವರುಸಾಲೆ ತಾನಾಗಿ ಜ್ವರ ತರುವುದಿಲ್ಲ. ಜ್ವರದ ಜೊತೆಗೆ ನೀರಹನಿಯಂಥ ಗುಳ್ಳೆಗಳು ತಲೆಯ ಕೂದಲ ನಡುವೆ, ಬಾಯೊಳಗೆ ಕೂಡ ಕಂತುಕಂತಾಗಿ ಏಳುತ್ತಿದ್ದರೆ ಸೀತಾಳೆ ಸಿಡುಬನ್ನು ಶಂಕಿಸಬೇಕು. ಅದರಲ್ಲಿ ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬಾರದು. ಮೂರು ನಾಲ್ಕು ದಿನ ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು ಇದ್ದು, ಆಮೇಲೆ ಕಿವಿಯ ಹಿಂದೆ, ಮುಖದಲ್ಲಿ ಕಾಣಿಸಿಕೊಂಡು ಕೆಳಗಿಳಿದರೆ ದಡಾರ. ಗಾಜಿನ ಲೋಟವನ್ನು ಒತ್ತಿ ಹಿಡಿದರೂ ಮಾಸದ ಕೆನ್ನೀಲಿ ಚುಕ್ಕೆಗಳು ಜ್ವರದೊಡನೆ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಾಲೆಯೇ ಆಗಿದ್ದರೂ ಕೀವು ತುಂಬಿದರೆ, ಸುತ್ತಲೂ ಊದಿ ಮುಟ್ಟಿದರೆ ನೋಯುತ್ತಿದ್ದರೆ, ತಣ್ಣಗಿಟ್ಟೂ ಮೂರು ನಾಲ್ಕು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರು ನೋಡಲಿ. ಬಿಸಿಲಿನಲ್ಲಿ ಆಡಿದ ಮಗು ಬೆವರದೆ ಮೈ ಬಿಸಿಯಾಗಿ ಮಂಕಾಗಿ ಮಲಗಿದರಂತೂ ಅದು ಚರ್ಮದ ಮಾತೇ ಅಲ್ಲ. ಕೂಡಲೇ ನೆರಳಿಗೆ ಕರೆತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು.

ಕೀವು ತುಂಬುವುದು ಕೆರೆಯುವುದರಿಂದ. “ಕೆರೆಯಬೇಡ” ಎಂಬ ಆಜ್ಞೆಯನ್ನು ದಿನಕ್ಕೆ ಎಷ್ಟು ಸಲ ಹೊರಡಿಸಿದರೂ ಅದು ಪಾಲನೆಯಾಗಲಾರದು. ಆಜ್ಞೆ ಮಾಡುವವರ ಬೆನ್ನಿಗೆ ಒಂದು ಸೊಳ್ಳೆ ಕಚ್ಚಿದರೆ ಅವರ ಕೈ ಎಲ್ಲಿರುತ್ತದೆಂದು ನೋಡಿ! ಉಗುರುಗಳನ್ನು ಕತ್ತರಿಸಿ, ತುರಿಸಿದಾಗ ಅಂಗೈಯಿಂದ ತಟ್ಟಲು ಕಲಿಸಿ, ಒದ್ದೆಬಟ್ಟೆಯನ್ನು ಅದರ ಕೈಗೇ ಕೊಡುವುದು ಮೇಲು. ರಾತ್ರಿ ಫ್ಯಾನಿನ ಗಾಳಿ ಮಗುವಿಗೆ ತಾಗುವಂತೆ ಹಾಸಿಗೆಯ ಜಾಗವನ್ನು ಬದಲಿಸಿರಿ, ಶೀತವಾದೀತೆಂದು ಹೊದಿಸಬೇಡಿ.

ಸಾಲೆ ಬಂದಿತೆಂದು ರಜೆಯನ್ನೇ ರದ್ದು ಮಾಡಿ ಮಗುವನ್ನು ಕೋಣೆಯಲ್ಲಿ ಕೂಡಿಹಾಕಬೇಕಾಗಿಲ್ಲ. ಆಟದ ಹೊತ್ತನ್ನು ಬೆಳಗಿನ ಒಂಬತ್ತಕ್ಕೆ ಮುಂಚೆ, ಸಂಜೆ ನಾಲ್ಕೂವರೆಯ ಮೇಲೆ ಎಂದು ಸರಿಸಿದರಾಯಿತು. ಮರವಂತೆಯ ಕಡಲಿಗೆ ಸಂಜೆ ಹೋಗಬಹುದು. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಉಪ್ಪನ್ನು ತೊಳೆಯಬೇಕು, ಕೆರೆದ ಗಾಯಗಳಿದ್ದರೆ ಉಪ್ಪುನೀರು ಉರಿಯುತ್ತದೆ. ನಡುಹಗಲಿಗೆ ಹಳೆಯ ಹೆಂಚಿನ ಮನೆಯ ಜಗಲಿಯಂಥ ಸ್ಥಳ ಬೇರೆಯಿಲ್ಲ. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದಂದಿನಿಂದ ಕರಾವಳಿಯ ಮಾಡುಗಳನ್ನು ಆಳಿದ ಆ ಹೆಂಚು, ತನ್ನ ಸಂದುಗಳಿಂದ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತಿತ್ತು. ಈಗ ಅದೇ ಊರುಗಳಲ್ಲಿ ಮಾಡನ್ನು ಕಿತ್ತು ಕಾಂಕ್ರೀಟಿನ ತಾರಸಿ ಹಾಕಿ, ಹಗಲೆಲ್ಲ ಕಾದ ಆ ತಾರಸಿಯ ಕೆಳಗೆ ರಾತ್ರಿಯೆಲ್ಲ ಮಕ್ಕಳನ್ನು ಮಲಗಿಸುತ್ತೇವೆ.

ಮತ್ತೆ ಬಟ್ಟೆ. ನೈಲಾನು, ಪಾಲಿಯೆಸ್ಟರುಗಳ ಕಸೂತಿ ಫ್ರಾಕುಗಳನ್ನು ಪೆಟ್ಟಿಗೆಯಲ್ಲಿ ತುಂಬುವ ತಾಯಂದಿರು ಎರಡು ಹಳೆಯ ಹತ್ತಿಯ ಅಂಗಿಗಳಿಗೂ ಎಡೆ ಮಾಡಲಿ; ಒಗೆದು ಒಗೆದು ಮೆತ್ತಗಾದವು, ತೋಳು ಸಡಿಲವಾದವು. ಮದುವೆಗೆ ಜರಿಯ ಲಂಗ ಬೇಡವೆಂದು ನಾನು ಹೇಳಿದರೆ ನನ್ನ ಮನೆಯಲ್ಲಿಯೇ ನಡೆಯದು. ಮುಹೂರ್ತದ ಹೊತ್ತಿಗೆ ತೊಡಿಸಿ, ಧಾರೆಯಾಗಿ ಫೋಟೋ ತೆಗೆಸಿಕೊಂಡ ಮೇಲೆ ಬದಲಿಸಿದರೆ ಯಾವ ಶಾಸ್ತ್ರಕ್ಕೂ ಲೋಪವಿಲ್ಲ. ಜರಿಯ ಅಂಚು ಕತ್ತಿಗೆ ತಾಗದಂತೆ ಒಳಗೊಂದು ತೆಳುವಾದ ಹತ್ತಿಯ ಕುಪ್ಪಸವಿದ್ದರೆ ಇನ್ನೂ ಲೇಸು.

ಘಟ್ಟ ಹತ್ತಿ ತಂಪಿಗೆ ಬಂದ ಕೆಲವೇ ದಿನಗಳಲ್ಲಿ ಉಳಿದ ಗುಳ್ಳೆಗಳೂ ಒಣಗುತ್ತವೆ; ಸಣ್ಣ ಹೊಟ್ಟಿನಂತೆ ಸಿಪ್ಪೆ ಉದುರಿದರೆ ಗಾಬರಿ ಬೇಡ. ಕೆರೆದ ಎಡೆಗಳಲ್ಲಿ ಮಾತ್ರ ಕಪ್ಪು ಕಲೆಗಳು ಕೆಲವು ವಾರ, ಕೆಲವು ವೇಳೆ ಕೆಲವು ತಿಂಗಳು ನಿಲ್ಲುತ್ತವೆ. ಅವುಗಳಿಗೆ ಅರಿಸಿನ ಹಚ್ಚಬೇಕೆಂದು ಅಜ್ಜಿಯ ಮನೆಯಿಂದ ಫೋನು ಬಂದೇ ಬರುತ್ತದೆ. ಹಚ್ಚಿದರೂ ಹೋಗುತ್ತವೆ, ಹಚ್ಚದಿದ್ದರೂ ಹೋಗುತ್ತವೆ.